ಒಂದೇ ತರದ ಎಮ್ಮೆಗಳು

ನನ್ನ ಫೋನಿನ ಹೊಟ್ಟೆ ತುಂಬಿದ್ದು ಮೊದಲು ಗೊತ್ತಾದದ್ದು ನನಗಲ್ಲ, ನನ್ನ ಹೆಂಡತಿ ಸುಜಾತಾಗೆ. ತವರಿನ ಮದುವೆಯ ಫೋಟೋ ತೋರಿಸಬೇಕೆಂದು ಪಕ್ಕದ ಮನೆಯವರ ಮುಂದೆ ನನ್ನ ಫೋನು ಇಸಿದುಕೊಂಡಳು. ಬೆರಳಿನಿಂದ ಸರಿಸಿದಳು. ಸಗಣಿ. ಇನ್ನೊಮ್ಮೆ ಸರಿಸಿದಳು. ಅದೇ ಸಗಣಿ, ಸ್ವಲ್ಪ ಹತ್ತಿರದಿಂದ. ಮೂರನೆಯದು ಬಾತುಕೊಂಡ ಕೆಚ್ಚಲು. ನಾಲ್ಕನೆಯದು ಯಾವುದೋ ಕುರಿಯ ಬಾಯಿ, ಒಳಗಿನಿಂದ. ಪಕ್ಕದ ಮನೆಯವರು ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟರು.

"ಏನ್ರೀ ಇದು? ಇಡೀ ಫೋನ್‌ನ್ಯಾಗ ಮನಷ್ಯಾರು ಒಬ್ರೂ ಇಲ್ಲ?"

ಇದ್ದರು. ಮೂಲೆಯಲ್ಲಿ, ಹಗ್ಗ ಹಿಡಿದುಕೊಂಡು, ಅರ್ಧ ತಲೆ ಕತ್ತರಿಸಿಹೋಗಿ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ನಾನು ದನದ ಡಾಕ್ಟರು. ಜನ ಹಾಗೆ ಕರೆಯುತ್ತಾರೆ, ಸರ್ಕಾರ ಕರೆಯುವುದಿಲ್ಲ. ಸರ್ಕಾರದ ಕಡತದಲ್ಲಿ ನಾನು ಪಶು ಪರಿವೀಕ್ಷಕ. ಅಂದರೆ ಡಾಕ್ಟರರು ಹೇಳಿದ್ದನ್ನು ಮಾಡುವವನು. ಅವರು ಇಲ್ಲದ ದಿನ ಹೇಳದ್ದನ್ನೂ ಮಾಡುವವನು. ಮನೆ ಸಿಂಧನೂರಿನಲ್ಲಿ, ಕೆಲಸ ಮಸ್ಕಿ ಸುತ್ತಿನ ಹಳ್ಳಿಗಳಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಮಸ್ಕಿಗೆ ಹೋಗಿ, ಸ್ಟ್ಯಾಂಡಿನ ಎದುರಿಗೆ ಒಗ್ಗರಣೆ ಮಂಡಾಳು, ಎರಡು ಮಿರ್ಚಿ ತಿಂದು, ಅಲ್ಲೇ ನಿಲ್ಲಿಸಿರುವ ಬೈಕು ಹತ್ತಿದರೆ ಮುಂದಿನದೆಲ್ಲ ಬಾಲ ಎತ್ತುವ, ಬಾಯಿ ತೆರೆಸುವ ಕೆಲಸ. ನನ್ನ ಫೋಟೋಗಳಲ್ಲಿ ಬೇರೇನು ಇರಲು ಸಾಧ್ಯ, ನೀವೇ ಹೇಳಿ.

ಹಾಗೆ ಸುಜಾತಾ ಸರಿಸಿದ ಆ ರಾಶಿಯಲ್ಲಿ ನಿಂಗಮ್ಮ ಎಂಬ ಹೆಣ್ಣುಮಗಳ ಎಮ್ಮೆಯ ಹರಿದ ಕಿವಿಯೂ ಒಂದಿತ್ತು. ಅದನ್ನು ಅಳಿಸಿ ನಾನು ಪಟ್ಟ ಪಾಡು ಹೇಳುವುದಕ್ಕೇ ಕೂತಿದ್ದೇನೆ. ನಡುವೆ ಅತ್ತಿತ್ತ ಹೋದರೆ ನಿಮ್ಮ ಹೊಟ್ಟೆಗೆ ಹಾಕಿಕೊಳ್ಳಿ, ದನದ ಹಿಂದೆ ನಡೆದವನಿಗೆ ನೇರ ದಾರಿ ರೂಢಿಯಿಲ್ಲ.

ಮೊದಲು ರೈತರು ದನವನ್ನೇ ಹೊಡೆದುಕೊಂಡು ಬರುತ್ತಿದ್ದರು. ಈಗ ಫೋಟೋ ಹೊಡೆದು ಕಳಿಸುತ್ತಾರೆ. "ಸರ, ಹಾಕೀನಿ ನೋಡ್ರಿ" ಎಂದು ಫೋನು. ಒಂದೇ ಫೋಟೋ ಮೂರು ಸಲ ಬಂದಿರುತ್ತದೆ. ಒಂದು ಹೋಗದಿದ್ದರೆ ಇನ್ನೊಂದಾದರೂ ಮುಟ್ಟಲಿ ಎಂಬ ಮುಂಜಾಗ್ರತೆ. ಒಬ್ಬರು "ಎಮ್ಮಿ ಕೆಮ್ಮಾಕತ್ತೈತಿ, ಕೇಳ್ರಿ" ಎಂದು ಆರು ನಿಮಿಷದ ವಿಡಿಯೋ ಕಳಿಸಿದರು. ಆರು ನಿಮಿಷದಲ್ಲಿ ಎಮ್ಮೆ ಒಮ್ಮೆಯೂ ಕೆಮ್ಮಲಿಲ್ಲ. ಆದರೆ ಆ ಮನೆಯ ಅತ್ತೆ ಸೊಸೆಗೆ ರೊಟ್ಟಿ ಸುಡುವ ವಿಚಾರದಲ್ಲಿ ಅಂದದ್ದೆಲ್ಲ ಸ್ಪಷ್ಟವಾಗಿ ಕೇಳಿತು. ಇದರ ಮೇಲೆ ಇಲಾಖೆಯ ಗುಂಪು, ಲಸಿಕೆಯ ಗುಂಪು, ನೌಕರರ ಗುಂಪು, ಸುಜಾತಾಳ ತವರಿನ ಗುಂಪು. ನಾಲ್ಕರಲ್ಲೂ ದಿನಾ ಬೆಳಗಾದರೆ ಅದೇ ಗುಲಾಬಿ ಹೂವು, ಅದೇ ಶುಭೋದಯ.

ಕೊನೆಗೆ ಒಂದು ಹಳ್ಳಿಯಲ್ಲಿ ಲಸಿಕೆ ಹಾಕುವಾಗ ಫೋಟೋ ತೆಗೆಯಲು ಹೋದರೆ ಫೋನು, ಜಾಗವಿಲ್ಲ, ಏನಾದರೂ ತೆಗೆದುಹಾಕಿ ಎಂದಿತು. ಎಮ್ಮೆ ನಿಂತಿದೆ, ಸೂಜಿ ನಿಂತಿದೆ, ಹಗ್ಗ ಹಿಡಿದವನು ಹಲ್ಲು ಕಿರಿದು ನಿಂತಿದ್ದಾನೆ. ಅವನ ಕಿರಿದ ಹಲ್ಲು ವ್ಯರ್ಥವಾಯಿತು.

ಜಾಗ ಇಲ್ಲ ಎಂಬ ಮಾತು ನನಗೆ ಹೊಸದು. ನಾನು ಹುಟ್ಟಿದ ಮನೆಯಲ್ಲಿ ಜಾಗವೇ ಜಾಗ, ಇಡುವುದಕ್ಕೆ ಸಾಮಾನು ಇರಲಿಲ್ಲ. ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಚಿಮಣಿ, ಬಾಚಣಿಗೆ, ಅಪ್ಪನ ಎಲೆಅಡಿಕೆ ಚೀಲ. ತುಂಬಿಡುವ ವೈಭವವೆಲ್ಲ ಊರ ದೊಡ್ಡ ಮನೆಗಳದ್ದು. ಅವರ ಅಂಗಳದಲ್ಲಿ ಹಗೇವು ಇರುತ್ತಿದ್ದವು, ನೆಲದೊಳಗೆ ಬಾವಿಯ ಹಾಗೆ ತೋಡಿ ಜೋಳ ತುಂಬಿ ಮುಚ್ಚಿಡುವ ಗುಂಡಿಗಳು. ವರ್ಷಗಟ್ಟಲೆ ಜೋಳ ಕೆಡುತ್ತಿರಲಿಲ್ಲ. ಆದರೆ ಒಮ್ಮೆ ಬಾಯಿ ತೆರೆದರೆ ಇಡೀ ಹಗೇವನ್ನು ಖಾಲಿ ಮಾಡಲೇಬೇಕು, ಮತ್ತೆ ಮುಚ್ಚುವ ಹಾಗಿಲ್ಲ, ಗಾಳಿ ತಾಗಿದ ಜೋಳಕ್ಕೆ ಹುಳ ಬೀಳುತ್ತದೆ. ಹೀಗಾಗಿ ಒಬ್ಬರ ಹಗೇವು ತೆಗೆದ ದಿನ ಓಣಿಯವರೆಲ್ಲ ಬಂದು ಒಯ್ಯುತ್ತಿದ್ದರು, ಮುಂದಿನ ಸಲ ಅವರದ್ದು ತೆಗೆದಾಗ ಇವರಿಗೆ. ಒಳಗೆ ಇಳಿಯುವ ಕೆಲಸಕ್ಕೆ ನಮ್ಮಪ್ಪನನ್ನು ಕರೆಯುತ್ತಿದ್ದರು. ಮೊದಲು ಕಂದೀಲು ಇಳಿಸಿ ನೋಡುವುದು, ಅದು ಆರದಿದ್ದರೆ ಅಪ್ಪ. ನಾನು ಮೇಲೆ ನಿಂತು ಅಪ್ಪನ ತಲೆ ಕಾಣುವವರೆಗೆ ಉಸಿರು ಹಿಡಿದಿರುತ್ತಿದ್ದೆ. ಅವನು ತರುತ್ತಿದ್ದ ಒಂದು ಮೊರ ಮುಗ್ಗಲು ಜೋಳದ ವಾಸನೆ ಈಗಲೂ ಮೂಗಿನಲ್ಲಿದೆ.

ಉಳಿದ ದಿನ ಅಪ್ಪ ಊರ ದನ ಕಾಯುತ್ತಿದ್ದ. ಐವತ್ತರ ಮೇಲೆ ದನ. ನನಗೆ ಎಮ್ಮೆಗಳೆಲ್ಲ ಕಪ್ಪು, ಅಷ್ಟೆ. ಅವನು ಹಣೆಯ ಸುಳಿ ನೋಡಿ, ಕೊಂಬಿನ ತಿರುವು ನೋಡಿ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಒಂದು ದಿನ ನಾನು, "ಎಲ್ಲಾ ಒಂದs ಥರಾ ಅದಾವಲ್ಲಪಾ" ಅಂದೆ. ಅಪ್ಪ ನಕ್ಕು ಅಂದ: "ಎಲ್ಲಾ ಒಂದs ಥರಾ ಕಂಡ್ರ, ನೀ ಇನ್ನೂ ನೋಡಿಲ್ಲಂತ ಅರ್ಥಲೇ."

ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಜಾಗ ಮಾಡಿಕೊಡುವ ಕೆಲಸವನ್ನು ಕಾಲೇಜಿಗೆ ಹೋಗುವ ಮಗಳು ಗೌತಮಿಗೆ ಒಪ್ಪಿಸಿದೆ. ನಡುಮನೆಯಲ್ಲಿ, ಬುದ್ಧನ ಫೋಟೋದ ಕೆಳಗೆ, ಅವಳು ಗುರು, ನಾನು ಶಿಷ್ಯ.

"ಪಪ್ಪಾ, ಮೊದ್ಲು ಇದನ್ನ ಬಂದ್ ಮಾಡು. ಬಂದಿದ್ದೆಲ್ಲಾ ತಾನs ಇಳಕೊಂಡು ಕುಂದ್ರಾಕತ್ತೈತಿ. ಬೇಕಾದ್ದು ಒತ್ತಿದ್ರ ಅಷ್ಟ ಬರಬೇಕು." ವಾಟ್ಸಾಪಿನ ಸೆಟ್ಟಿಂಗು ಬದಲಿಸಿದಳು. ಆಮೇಲೆ ದೊಡ್ಡ ವಿಡಿಯೋಗಳನ್ನು ಸಾಲಾಗಿ ತೋರಿಸಿದಳು. ಒಂದು ವಿಡಿಯೋ ತಿನ್ನುವ ಜಾಗದಲ್ಲಿ ನೂರಾರು ಫೋಟೋ ಕೂರುತ್ತವಂತೆ. ಬಳಸದ ಆ್ಯಪುಗಳನ್ನು ಕಿತ್ತಳು. ಅವುಗಳಲ್ಲಿ ಒಂದು ನಡೆದ ಹೆಜ್ಜೆ ಎಣಿಸುವುದು. ನಾನು ಯಾವಾಗ ಹಾಕಿಕೊಂಡಿದ್ದೆನೋ, ಅದರ ಲೆಕ್ಕದಲ್ಲಿ ನಾನು ನಡೆದೇ ಇರಲಿಲ್ಲ.

"ಇನ್ನೊಂದ್ ಮಾತು. ಡಿಲೀಟ್ ಮಾಡಿದ್ರೂ ಅದು ಹೋಗಂಗಿಲ್ಲ. ಕಸದ ಬುಟ್ಟ್ಯಾಗ ತಿಂಗ್ಳು ತನ ಇರ್ತೈತಿ. ಬುಟ್ಟಿ ಖಾಲಿ ಮಾಡಿದ್ರ ಖರೇ ಜಾಗ ಆಗ್ತೈತಿ. ಆದ್ರ ಖಾಲಿ ಮಾಡಿದ್ ಮ್ಯಾಲೆ ತಿರುಗಿ ಸಿಗಂಗಿಲ್ಲ, ನೋಡ್ಕೊಂಡ್ ಒತ್ತು."

ನೋಡಿಕೊಂಡು ಒತ್ತು ಎಂದು ಹೇಳಿ ಅವಳು ಕಾಲೇಜಿಗೆ ಹೋದಳು. ನಾನು ಒತ್ತಿದೆ, ನೋಡಿಕೊಳ್ಳಲಿಲ್ಲ.

ಫೋನು ಬಹಳ ಮರ್ಯಾದೆಯಿಂದ ಕೇಳಿತು: ಒಂದೇ ತರದ ಫೋಟೋಗಳು ಸಿಕ್ಕಿವೆ, ಒಂದನ್ನು ಉಳಿಸಿ ಬಾಕಿಯವನ್ನು ತೆಗೆಯಲೇ? ನಾನು ಅಂದುಕೊಂಡದ್ದು ಆ ಗುಲಾಬಿ ಹೂಗಳು ಎಂದು. ಹೂಂ ಎಂದು ಒತ್ತಿದೆ. ಅದೇ ಹುಮ್ಮಸ್ಸಿನಲ್ಲಿ ದೊಡ್ಡ ವಿಡಿಯೋಗಳನ್ನೂ ಒತ್ತಿದೆ, ಬುಟ್ಟಿಯನ್ನೂ ಖಾಲಿ ಮಾಡಿದೆ. ಸುಣ್ಣ ಹೊಡೆದ ಮನೆಯ ಹಾಗೆ ಫೋನು ಥಳಥಳ ಅಂದಿತು. ಸಂಜೆ ಗ್ಯಾಲರಿ ತೆರೆದರೆ ಸುಜಾತಾಳ ತವರಿನವರೆಲ್ಲ ನೆಟ್ಟಗೆ ಕೂತಿದ್ದರು. ಶುಭೋದಯದ ಗುಲಾಬಿಗಳೂ ಇದ್ದವು, ಬಣ್ಣ ಬೇರೆ ಬೇರೆ ನೋಡಿ. ಎಮ್ಮೆ ಮಾತ್ರ ಒಂದೇ ಇತ್ತು. ಎಷ್ಟೋ ವರ್ಷ ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ್ದ ಎಮ್ಮೆಗಳೆಲ್ಲ ಫೋನಿನ ಕಣ್ಣಿಗೆ ಒಂದೇ ಎಮ್ಮೆಯಾಗಿ, ಪ್ರತಿನಿಧಿಯಾಗಿ ಒಂದು ಮಾತ್ರ ಉಳಿದಿತ್ತು. ಅದು ಯಾರದ್ದು ಎಂಬುದೂ ನನಗೆ ಗುರುತು ಹತ್ತಲಿಲ್ಲ.

ಆಗ ನಕ್ಕೆವು. ಸುಜಾತಾ ಪಕ್ಕದ ಮನೆಗೆ ಹೋಗಿ ಹೇಳಿ ಬಂದಳು. ಮಸ್ಕಿಯ ಆಸ್ಪತ್ರೆಯಲ್ಲಿ ನಾನೇ ಇದನ್ನು ಜೋಕು ಮಾಡಿ ಹೇಳಿ ಚಹಾ ಕುಡಿಸಿಕೊಂಡೆ.

ಎರಡು ತಿಂಗಳಾದ ಮೇಲೆ ನಿಂಗಮ್ಮ ತಮ್ಮನ ಫೋನಿನಿಂದ ಕರೆ ಮಾಡಿದಳು. ಅವಳದು ಮಸ್ಕಿ ಹತ್ತಿರದ ಹಳ್ಳಿ, ಒಣಭೂಮಿ. ಇರುವುದು ಒಂದೇ ಎಮ್ಮೆ, ಚಂದ್ರಿ. ಬೇಸಿಗೆಗೆ ಮೇವು ಸಾಲದೆಂದು, ತಮ್ಮನ ಎಮ್ಮೆಗಳ ಜೊತೆ ಅದನ್ನೂ ಕಾಲುವೆ ಕಡೆ, ದಢೇಸುಗೂರಿನ ಕೊಯ್ಲಾದ ಗದ್ದೆಗಳಿಗೆ ಕಳಿಸಿದ್ದಳು. ಅಲ್ಲಿ ಚಂದ್ರಿ ತಪ್ಪಿಸಿಕೊಂಡು ಪಕ್ಕದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನ, ಸತ್ಯಂ ಎಂಬುವರ ಹಿಂಡಿಗೆ ಸೇರಿತ್ತು.

"ಯಪ್ಪಾ, ಎಂಟ್ ತಿಂಗ್ಳ ಗಬ್ಬ ಐತಪ್ಪಾ ಅದು. ಅವ್ರು ನಮ್ದs ಅಂತಾರ. ನೀ ಕಿವಿ ಹೊಲ್ದಾಗ ಫೋಟೋ ತಗದಿದ್ಯಲ್ಲ, ಅದನ್ನ ತೊಗೊಂಡು ಬಾ. ನಾಳಿ ಮುಂಜಾನಿ ಅವ್ರು ದನಾ ಹೊಳಿ ಆಚಿಗಿ ಹೊಡ್ಕೊಂಡು ಹೊಕ್ಕಾರಂತ."

ಫೋಟೋ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಬರುತ್ತೇನೆ ಎಂದೆ.

ಆ ಕಿವಿ ಹರಿದದ್ದು ಎರಡು ವರ್ಷದ ಹಿಂದೆ. ಕಿವಿಗೆ ಇಲಾಖೆಯವರು ಹಾಕುವ ಹಳದಿ ನಂಬರು ಬಿಲ್ಲೆ ಜಾಲಿಯ ಬೇಲಿಗೆ ಸಿಕ್ಕಿಕೊಂಡು, ಎಮ್ಮೆ ಜಗ್ಗಿ, ಬಿಲ್ಲೆಯೂ ಹೋಯಿತು, ಕಿವಿಯೂ ಸೀಳಿತು. ನಾಲ್ಕು ಹೊಲಿಗೆ ಹಾಕಿದ್ದೆ. ಫೋಟೋ ತೆಗೆದು, ನಮ್ಮ ಆಗಿನ ಡಾಕ್ಟರು ಶರಣಪ್ಪನವರಿಗೆ, "ಹೊಲಿಗಿ ಸರಿ ಅದಾವೇನ್ರಿ ಸರ?" ಎಂದು ಕಳಿಸಿದ್ದೆ. ಅವರ ಉತ್ತರ: "ಕೊನೀದು ಸೊಟ್ಟ ಐತಿ. ಇರ್ಲಿ, ಎಮ್ಮಿ ಕನ್ನಡಿ ನೋಡೂದಿಲ್ಲ."

ಮರುದಿನ ದನ ಹೊರಡುವ ಮೊದಲೇ ಕ್ಯಾಂಪಿಗೆ ಹೋದೆ. ಸತ್ಯಂ ಕೆಟ್ಟ ಮನುಷ್ಯರಲ್ಲ. ಮಂಚ ಹಾಕಿಸಿ ಮಜ್ಜಿಗೆ ಕೊಟ್ಟರು. "ಅಯ್ಯೋ ಸಾರ್, ಇನ್ನೊಬ್ಬರ ಎಮ್ಮೆ ನಮಗ್ಯಾಕೆ? ನಮ್ದೂ ಒಂದು ತಪ್ಪಿಸ್ಕೊಂಡಿತ್ತು. ಅದಕ್ಕೂ ಕಿವಿ ಹರಿದಿತ್ತು, ಹೊಲಿಗೆ ಹಾಕ್ಸಿದ್ವಿ. ಇದೇ ಅದು ಅಂತ ನಮ್ಮ ಮನೇಲಿ ಎಲ್ರೂ ಅಂತಾರೆ. ಫೋಟೋ ಇದ್ರೆ ತೋರ್ಸಿ, ಈಗಲೇ ಹೊಡ್ಕೊಂಡು ಹೋಗ್ಲಿ."

ನಿಂಗಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಚಂದ್ರೀ, ಬಾರವ್ವಾ" ಎಂದು ಕರೆದಳು. ಎಲ್ಲರೂ ಎಮ್ಮೆಯನ್ನೇ ನೋಡಿದೆವು. ಎಮ್ಮೆ ಹುಲ್ಲಿನಿಂದ ಮುಖ ಎತ್ತಲಿಲ್ಲ. ಇನ್ನೊಮ್ಮೆ ಕರೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಸಿ ಹುಲ್ಲು ಕಂಡು ಎಷ್ಟು ದಿನವಾಗಿತ್ತೋ ಪಾಪ, ಅದಕ್ಕೆ ಆ ಹೊತ್ತು ತವರೂ ಬೇಡ, ಗಂಡನ ಮನೆಯೂ ಬೇಡ.

ನಿಂಗಮ್ಮ ನನ್ನ ಕಡೆ ತಿರುಗಿದಳು. "ಫೋಟೋ ತಗಿಯಪ್ಪಾ."

ಹೇಳಿದೆ. ಜಾಗ ತುಂಬಿತ್ತು, ಅಳಿಸಿಬಿಟ್ಟೆ ಎಂದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಅಷ್ಟು ದೊಡ್ಡ ಮನೆ, ಅಷ್ಟು ದೊಡ್ಡ ಆಸ್ಪತ್ರೆ ಇರುವವನಿಗೆ ಒಂದು ಕಿವಿ ಇಡುವಷ್ಟು ಜಾಗ ಇಲ್ಲವೇ ಎಂಬಂತೆ ನೋಡಿದಳು. ಆಮೇಲೆ ಅಂದಳು:

"ಹೋಗ್ಲಿ ಬಿಡು. ಫೋಟೋ ಯಾಕ ಬೇಕು? ನೀನs ಹೊಲ್ದಿಯಲ್ಲೋ ಯಪ್ಪಾ. ನಿನ್ನ ಕೈ ಹೊಲಿಗಿ ನಿನಗ ಗುರ್ತ ಹತ್ತೂದಿಲ್ಲೇನು? ನೋಡಿ ಹೇಳು."

ಕೊಟ್ಟಿಗೆಯೊಳಗೆ ಹೋದೆ. ಕಿವಿ ಹಿಡಿದೆ. ಕೆಸರು, ಬೆಳೆದ ಕೂದಲು, ಒಳಗೆ ಗಂಟುಗಂಟಾದ ಗಾಯದ ಗೆರೆ. ನನ್ನದೇ ಇರಬಹುದು. ಇನ್ನೊಬ್ಬರದ್ದೂ ಇರಬಹುದು. ಹಣೆ ನೋಡಿದೆ. ಎರಡು ಸುಳಿ ಇದ್ದವು. ಚಂದ್ರಿಗೆ ಎಷ್ಟಿದ್ದವು? ನೆನಪಾಗಲಿಲ್ಲ. ಅವತ್ತು ನಾನು ಹಣೆಯನ್ನು ನೋಡಿರಲೇ ಇಲ್ಲ. ಫೋನನ್ನು ನೋಡಿದ್ದೆ, ಫೋಟೋ ಬಂತೋ ಇಲ್ಲವೋ ಎಂದು. ಕಣ್ಣಿನ ಕೆಲಸವನ್ನು ಜೇಬಿಗೆ ಹಾಕಿಕೊಂಡು ಎಷ್ಟು ವರ್ಷವಾಗಿತ್ತೋ. ಅಪ್ಪನಿದ್ದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತಿದ್ದ. ನನಗೆ ನಾಚಿಕೆಯಾಯಿತು, ಮುಚ್ಚುಮರೆ ಯಾಕೆ, ಕಣ್ಣಲ್ಲಿ ನೀರೂ ಬಂತು. ಸುಳ್ಳು ಸಾಕ್ಷಿ ಹೇಳಬಹುದಿತ್ತು. ಸತ್ಯಂ ಅವರ ಮಜ್ಜಿಗೆ ಕುಡಿದು ಅದು ಆಗಲಿಲ್ಲ.

"ಗುರ್ತ ಹತ್ತವಲ್ದು ನಿಂಗಮ್ಮ," ಅಂದೆ.

ಅವಳು ಸೆರಗು ಬಾಯಿಗೆ ಹಿಡಿದು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಳು.

ಡಾಕ್ಟರರಿಗೆ ಕಳಿಸಿದ್ದು ಹೊಳೆದದ್ದು ಆಗ. ಹಳೆಯ ಮಾತುಕತೆ ತೆರೆದು ನೋಡಿದರೆ ನನ್ನ ಕಡೆ ಆ ಜಾಗದಲ್ಲಿ ಮಬ್ಬು ಕಪ್ಪು ಚೌಕ ಮಾತ್ರ, ಕೆಳಗೆ ಕನ್ನಡಿಯ ಮಾತು. ಶರಣಪ್ಪನವರು ನಿವೃತ್ತರಾಗಿ ಲಿಂಗಸುಗೂರಿನಲ್ಲಿದ್ದರು. ಫೋನು ಮಾಡಿದೆ.

"ನಾ ಏನೂ ಅಳಿಸೂದಿಲ್ಲಪಾ, ಇದ್ದs ಇರ್ತೈತಿ. ಆದ್ರ ನನ್ನ ವಾಟ್ಸಾಪ್ ತಿಂಗ್ಳಿಂದ ತಗೀವಲ್ದು. ಬಂದು ನೋಡು."

ಸತ್ಯಂ ಅವರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಗಡುವು ಕೇಳಿಕೊಂಡು ಬಸ್ಸು ಹತ್ತಿದೆ. ಸಿಂಧನೂರು ದಾಟಿತು, ಮಸ್ಕಿ ದಾಟಿತು. ಕಿಟಕಿಯಾಚೆ ಬರೀ ಎಮ್ಮೆಗಳೇ. ಒಂದೊಂದನ್ನೂ ನೋಡಿದೆ. ಕೊಂಬು ಹಿಂದಕ್ಕೆ ಬಾಗಿದ್ದು, ಒಂದು ಕೊಂಬು ಮುರಿದದ್ದು, ಬಾಲದ ತುದಿ ಬೆಳ್ಳಗಿದ್ದದ್ದು. ಒಂದರಂತೆ ಇನ್ನೊಂದಿರಲಿಲ್ಲ.

ಶರಣಪ್ಪನವರ ಫೋನಿಗೆ ಗಾಜು ಒಡೆದಿತ್ತು, ಗೆರೆಗಳ ಮೇಲೆ ಟೇಪು ಅಂಟಿಸಿದ್ದರು. ವಾಟ್ಸಾಪ್ ಒತ್ತಿದರೆ, ಜಾಗ ಮಾಡಿದ ಮೇಲೆ ಬನ್ನಿ ಎನ್ನುತ್ತಿತ್ತು. ಸರಿ, ಏನಾದರೂ ತೆಗೆಯೋಣ ಎಂದು ಗ್ಯಾಲರಿ ತೆರೆದೆ. ವಾಟ್ಸಾಪಿಗೆ ಬಂದದ್ದು ಅವರ ಗ್ಯಾಲರಿಗೆ ಇಳಿಯುತ್ತಿರಲಿಲ್ಲ, ಹೀಗಾಗಿ ಕಿವಿ ಅಲ್ಲಿ ಸಿಗಲಿಲ್ಲ. ಮೂವತ್ತು ವರ್ಷ ನೌಕರಿ ಮಾಡಿದವರ ಕೊನೆಯ ಎಂಟು ವರ್ಷ ಅದರಲ್ಲಿತ್ತು. ಒಂದು ಫೋಟೋ ತೋರಿಸಿ, "ಇದು ಬೇಕೇನ್ರಿ?" ಅಂದರೆ, "ಗಂಟಲಬ್ಯಾನಿ ಅದು. ಹಟ್ಟಿ ಕಡೆ ಎತ್ತು. ಉಳೀತು. ಇರ್ಲಿ" ಎನ್ನುವರು. ಮುಂದಿನದು? "ಇದು ಉಳೀಲಿಲ್ಲ. ನಂದs ತಪ್ಪು. ಅದಕ್ಕs ಇಟ್ಟೀನಿ." ಹೀಗೆ ಅರ್ಧ ಗಂಟೆ ಕೂತೆವು, ಒಂದು ಕುರಿಯೂ ಕದಲಲಿಲ್ಲ. ಅವರಿಗೆ ಒಂದೇ ತರದ ಎರಡು ಫೋಟೋ ಅಲ್ಲಿ ಇರಲೇ ಇಲ್ಲ.

ಕೊನೆಗೆ ಗೌತಮಿ ಹೇಳಿಕೊಟ್ಟಂತೆ ದೊಡ್ಡದರಿಂದ ಸಾಲು ಹಚ್ಚಿದೆ. ಎಲ್ಲಕ್ಕಿಂತ ಮೇಲೆ ಒಂದು ವಿಡಿಯೋ ಬಂತು. ನಲವತ್ತು ನಿಮಿಷದ್ದು. ಅವರ ಬೀಳ್ಕೊಡುಗೆಯ ಸಮಾರಂಭ. ಅದನ್ನು ತೆಗೆದವನು ನಾನೇ. ಕೈ ನಡುಗಿಸದೆ ನಲವತ್ತು ನಿಮಿಷ ಹಿಡಿದಿದ್ದೆ. ಬದುಕಿನಲ್ಲಿ ಮೇಲಿನವರಿಂದ ಒಂದು ಒಳ್ಳೆಯ ಮಾತು ಕೇಳದ ಡಾಕ್ಟರರನ್ನು ಅವತ್ತು ಹಾರ ಹಾಕಿ ಕೂರಿಸಿ ಒಬ್ಬೊಬ್ಬರಾಗಿ ಹೊಗಳಿದ್ದರು. ಒಬ್ಬ ಕುರಿಗಾಹಿ ಎದ್ದು ನಿಂತು, ಬರೀ ಕೈ ಮುಗಿದು ಕೂತಿದ್ದ.

ಒಳಗಿನಿಂದ ಅವರ ಮನೆಯವರು ಚಹಾ ತಂದರು. "ಅದೊಂದು ತಗೀಬ್ಯಾಡಪ್ಪಾ. ಊಟಾದ ಮ್ಯಾಲೆ ದಿನಾ ನೋಡ್ತಾರ."

ಡಾಕ್ಟರರು ಹೆಂಡತಿಯ ಮುಖ ನೋಡದೆ ನನ್ನನ್ನು ಕೇಳಿದರು. "ನಿನ್ನ ಹತ್ರ ಇರ್ಬೇಕಲ್ಲ ಇದು? ನೀನs ತಗದಿದ್ದಿ."

ಆ ಪ್ರಶ್ನೆಗೇ ನಾನು ವಿಡಿಯೋ ಕಂಡಾಗಿನಿಂದ ಹೆದರಿದ್ದೆ. ಇದೆ ಎಂದರೆ ಕೆಲಸ ಸಲೀಸು. ಎಮ್ಮೆ ಸಿಗುತ್ತದೆ, ಮುಂದಿನದು ಮುಂದೆ.

"ಇಲ್ರಿ ಸರ. ಎಮ್ಮಿ ಜೊತಿಗೆ ಅದನ್ನೂ ಅಳಿಸಿಬಿಟ್ಟೀನ್ರಿ. ನಿಮ್ದು ಒಂದs ಉಳದೈತಿ."

ನನ್ನ ಫೋನಿಗೆ ದಾಟಿಸಬಹುದೇ ಎಂದು ಹತ್ತು ತರ ನೋಡಿದೆ. ಆ ಫೋನು ಚಕ್ರ ತಿರುಗಿಸುತ್ತ ನಿಂತಿತೇ ಹೊರತು ಒಂದಕ್ಕೂ ಒಪ್ಪಲಿಲ್ಲ. ಡಾಕ್ಟರರು ಚಹಾ ಕುಡಿದು ಮುಗಿಸಿದರು. ಕಪ್ಪು ಕೆಳಗಿಟ್ಟರು.

"ಎಮ್ಮಿ ಎಷ್ಟ್ ತಿಂಗ್ಳ ಗಬ್ಬ ಅಂದಿ?"

"ಎಂಟು ರೀ."

"ನೋಡು, ಆ ವಿಡಿಯೋ ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ. ಯಾರು ಯಾವಾಗ ಕೆಮ್ಮ್ಯಾರ ಅದೂ ಗೊತ್ತೈತಿ. ಎಮ್ಮಿ ಕಿವಿ ಬಾಯಿಪಾಠ ಇಲ್ಲ." ಎಂದು ಹೇಳಿ ತಾವೇ ಒತ್ತಿದರು.

ವಾಟ್ಸಾಪ್ ಆಗಲೂ ತೆರೆಯಲಿಲ್ಲ. ಅಳಿಸಿದ್ದು ಬುಟ್ಟಿಯಲ್ಲಿತ್ತು. ಬುಟ್ಟಿಯನ್ನೂ ಖಾಲಿ ಮಾಡಬೇಕೆಂದು ಹೇಳಿದೆ. "ಒತ್ತಿದ್ರ ಆಮ್ಯಾಲೆ ತಿರುಗಿ ಸಿಗಂಗಿಲ್ಲ ಸರ."

ಡಾಕ್ಟರರ ಬೆರಳು ಒಂದು ಕ್ಷಣ ಗಾಜಿನ ಮೇಲೆ ನಿಂತಿತು. ಮನೆಯವರು ಬಾಗಿಲಲ್ಲೇ ನಿಂತಿದ್ದರು. ಒತ್ತಿದರು.

ನಲವತ್ತು ನಿಮಿಷದ ಹೊಗಳಿಕೆ ಹೋದ ಜಾಗದಿಂದ ಚಂದ್ರಿಯ ಕಿವಿ ಎದ್ದು ಬಂತು. ಸ್ಪಷ್ಟ. ನಾಲ್ಕು ಹೊಲಿಗೆ, ಕೊನೆಯದು ಕೆಳಗೆ ಎಡಕ್ಕೆ ಸೊಟ್ಟ. ಹಣೆಯಲ್ಲಿ ಒಂದರ ಕೆಳಗೊಂದು ಎರಡು ಸುಳಿ, ಕೆಳಗಿನದು ಬಲಗಣ್ಣಿನ ಕಡೆ ಸರಿದದ್ದು. ನನ್ನ ಫೋನಿಗೆ ಕಳಿಸಿ, ನಡುವೆ ಏನಾದರೂ ಆದೀತೆಂದು ಸುಜಾತಾಗೆ, ಗೌತಮಿಗೆ, ತವರಿನ ಗುಂಪಿಗೂ ಕಳಿಸಿದೆ. ಯಾರದೋ ಹಗೇವಿನಿಂದ ತಂದ ಜೋಳ, ನಾಲ್ಕು ಮನೆಯಲ್ಲಿ ಇರಲಿ. ತವರಿನ ಗುಂಪಿನಲ್ಲಿ ಯಾರೋ ಕೂಡಲೇ ಶುಭ ಸಂಜೆ ಎಂದು ಉತ್ತರಿಸಿದರು.

ಮರುದಿನ ಎಂಟಕ್ಕೆ ಮೊದಲೇ ಕ್ಯಾಂಪಿನಲ್ಲಿದ್ದೆ. ಸತ್ಯಂ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ತಾವೇ ನೀರು ತಂದು ಎಮ್ಮೆಯ ಕಿವಿ ತೊಳೆದರು. ಹೆಬ್ಬೆರಳಿನಿಂದ ಗೆರೆ ಹಿಡಿದು ಎಣಿಸಿದರು. ನಾಲ್ಕನೆಯದಕ್ಕೆ ಬೆರಳು ತಾನಾಗಿ ಎಡಕ್ಕೆ ತಿರುಗಿತು. ಹಣೆಯ ಮೇಲೆ ಕೈ ಆಡಿಸಿದರು, ಆಮೇಲೆ ಹಗ್ಗ ಬಿಚ್ಚಿ ನಿಂಗಮ್ಮನ ಕೈಗೆ ಕೊಟ್ಟರು.

"ಅಮ್ಮಾ, ತಪ್ಪಾಯ್ತು, ಮನಸ್ಸಿಗೆ ಹಚ್ಕೋಬೇಡಿ." ನನ್ನ ಕಡೆ ತಿರುಗಿ ಕೇಳಿದರು, "ಹಾಗಾದ್ರೆ ನಮ್ದೆಲ್ಲಿ ಹೋಯ್ತು ಸಾರ್?"

ಅದರ ಫೋಟೋ ಇದೆಯೇ ಎಂದೆ. ಇರಲಿಲ್ಲ. ಗುರುತುಗಳನ್ನು ಬರೆದುಕೊಂಡೆ, ಈ ಸಲ ಕೇಳಿ ಕೇಳಿ, ಎಲ್ಲವನ್ನೂ. ಇನ್ನೂ ಹುಡುಕುತ್ತಿದ್ದೇನೆ.

ಹೆಚ್ಚುಕಡಿಮೆ ಎರಡು ತಿಂಗಳಾದ ಮೇಲೆ ಚಂದ್ರಿ ಹಡೆಯಿತು. ನಿಂಗಮ್ಮನ ತಮ್ಮ ಫೋನು ಮಾಡಿದ ಹೊತ್ತಿಗೆ ನಾನು ಪಕ್ಕದ ಹಳ್ಳಿಯಲ್ಲೇ ಇದ್ದೆ. ಹೋದಾಗ ಕರು ಎದ್ದು ನಿಲ್ಲಲು ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಒದ್ದಾಡುತ್ತಿತ್ತು. ಹೆಣ್ಣು ಕರು. ಕೈ ರೂಢಿಯ ಮೇಲೆ ಜೇಬಿಗೆ ಹೋಯಿತು.

"ಮೊದ್ಲು ಕಣ್ ತುಂಬ ನೋಡೋ ಯಪ್ಪಾ," ಅಂದಳು ನಿಂಗಮ್ಮ. "ಆಮ್ಯಾಲೆ ಅದರಾಗ ಹಾಕ್ಕೊಳ್ಳುವಂತಿ."

ಕೂತು ನೋಡಿದೆ. ಅಪ್ಪ ನೋಡುತ್ತಿದ್ದ ಹಾಗೆ, ಹಣೆಯಿಂದ. ಸುಳಿ ಒಂದೇ, ನಟ್ಟ ನಡುವೆ. ಎಡಗಿವಿಯ ತುದಿಯಲ್ಲಿ ನಾಲ್ಕು ಬಿಳಿ ಕೂದಲು. ಇನ್ನು ಈ ಕರುವನ್ನು ಯಾವ ಕ್ಯಾಂಪಿನ ಕೊಟ್ಟಿಗೆಯಲ್ಲಿ ಕಟ್ಟಿದ್ದರೂ ನಾನು ಬಾಗಿಲಲ್ಲೇ ನಿಂತು ಹೇಳಬಲ್ಲೆ. ಆಮೇಲೆ ಒಂದೇ ಒಂದು ಫೋಟೋ ತೆಗೆದೆ. ಲಿಂಗಸುಗೂರಿಗೆ ಕಳಿಸಿದೆ.

ಚಂದ್ರಿ ಕರುವನ್ನು ನೆಕ್ಕಿ ಮುಗಿಸುವ ಹೊತ್ತಿಗೆ ಡಾಕ್ಟರರ ಉತ್ತರ ಬಂತು. "ಬಂತು. ಕಿವಿ ಎರಡೂ ನೆಟ್ಟಗ ಅದಾವ. ಇಡ್ತೀನಿ, ಜಾಗ ಐತಿ."